ರಂಜಾನ್, ನನ್ನ ಊಟದ ಡಬ್ಬಿ ಮತ್ತು ಎರಡು ಗಂಟೆ

ಬಹಳ ದಿನಗಳಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಾ ಬಂದ ವಿಷಯ ಇದು. ಸೋಮಾರಿತನ ಒಂದು ಕಾರಣ. ಬರೆದರೆ ನನ್ನ ಮರ್ಯಾದೆಯೂ ಸ್ವಲ್ಪ ಹೋಗುತ್ತೆ ಅನ್ನೋದು ಇನ್ನೊಂದು :)

ನಾನು ದುಬೈಗೆ ಬಂದಿದ್ದು 2022ರ ಮಾರ್ಚ್‌ನಲ್ಲಿ. ತಿಪಟೂರಿನ ಹುಡುಗ, ತುಮಕೂರಿನಲ್ಲಿ ಇಂಜಿನಿಯರಿಂಗ್, ಬೆಂಗಳೂರಿನಲ್ಲಿ ಒಂದೆರಡು ವರ್ಷ ಕೋಡ್ ಕುಟ್ಟಿ, ಆಮೇಲೆ ಇಲ್ಲಿ. ಕರಾಮಾದಲ್ಲಿ ಒಂದು ರೂಮು, ಮೆಟ್ರೋ ಹತ್ತಿದರೆ ಆಫೀಸು. ಬಂದು ಮೂರು ವಾರ ಕೂಡ ಆಗಿರಲಿಲ್ಲ, ರಂಜಾನ್ ಬಂತು. ಅದೂ ಯಾವತ್ತು ಅಂತೀರಿ? ಏಪ್ರಿಲ್ 2, ಶನಿವಾರ, ನಮ್ಮ ಯುಗಾದಿ ದಿನ! ನಾನು ರೂಮಲ್ಲಿ ಬೇವು ಇಲ್ಲದೆ ಬರೀ ಬೆಲ್ಲ ಬಾಯಿಗೆ ಹಾಕಿಕೊಳ್ತಾ ಇದ್ದಾಗ ಇಡೀ ಊರು ಮೊದಲ ಉಪವಾಸ ಹಿಡಿದಿತ್ತು.

ಅಮ್ಮ ಫೋನಿನಲ್ಲಿ ಹಬ್ಬದ ಆಶೀರ್ವಾದ ಮುಗಿಸಿ ಕೇಳಿದ ಮೊದಲ ಪ್ರಶ್ನೆ: "ಅಲ್ಲೆಲ್ಲಾ ಉಪವಾಸವಂತಲ್ಲೋ, ಒಂದು ತಿಂಗಳು ನಿನ್ನ ಊಟದ ಗತಿ ಏನು?"

ಆಗ ನನ್ನ ತಲೆಯಲ್ಲಿದ್ದಿದ್ದೂ ಅದೇ ಪ್ರಶ್ನೆ. ಇವತ್ತಿಗೂ ರಂಜಾನ್ ಅಂದ ಕೂಡಲೇ ನಮ್ಮ ಕಡೆಯವರೆಲ್ಲ ಕೇಳೋದು ಅದನ್ನೇ. "ಹಗಲು ನೀರು ಕುಡಿಯೋ ಹಾಗಿಲ್ವಂತೆ ಹೌದಾ? ಪೊಲೀಸ್ ಹಿಡಿದುಕೊಂಡು ಹೋಗ್ತಾರಂತೆ ಹೌದಾ?" 2022ರಿಂದ 2025ರವರೆಗೆ ನಾಲ್ಕು ರಂಜಾನ್ ಕಂಡ ಮೇಲೆ ನನಗನ್ನಿಸಿದ್ದು, ನಾವು ಕೇಳ್ತಿರೋ ಪ್ರಶ್ನೆಯೇ ತಪ್ಪು. ಅದನ್ನು ಹೇಳೋಕೇ ಇಷ್ಟುದ್ದ ಬರೀತಿದ್ದೀನಿ. ಸ್ವಲ್ಪ ಸಹಿಸಿಕೊಳ್ಳಿ.

ಮೊದಲು ಆ ಹೆದರಿಕೆಯ ವಿಷಯ ಮುಗಿಸಿಬಿಡೋಣ.

ಹೆದರಿಕೆ ಪೂರ್ತಿ ಸುಳ್ಳಲ್ಲ. ಇಲ್ಲಿನ 1987ರ ದಂಡ ಸಂಹಿತೆಯಲ್ಲಿ, ರಂಜಾನ್ ಹಗಲಲ್ಲಿ ಸಾರ್ವಜನಿಕವಾಗಿ ತಿಂದರೆ ಒಂದು ತಿಂಗಳವರೆಗೆ ಜೈಲು ಅಥವಾ 2000 ದಿರ್ಹಂವರೆಗೆ ದಂಡ ಅಂತ ಬರೆದಿತ್ತು. ಕುವೈತ್‌ನಲ್ಲಿ 1968ರ ಕಾನೂನಿದೆ, ಅಲ್ಲಿ ನೂರು ದಿನಾರ್‌ವರೆಗೆ ದಂಡ ಅಥವಾ ಒಂದು ತಿಂಗಳವರೆಗೆ ಜೈಲು. ದುಬೈನಲ್ಲಿ ಹಿಂದೆಲ್ಲ ಹಗಲು ಹೋಟೆಲ್ ತೆರೆಯಬೇಕಾದರೆ ಪರವಾನಗಿ ಬೇಕಿತ್ತು, ಒಳಗೆ ಕೂತವರು ರಸ್ತೆಗೆ ಕಾಣದ ಹಾಗೆ ಪರದೆ ಕಟ್ಟಬೇಕಿತ್ತು. ಹತ್ತು ಹದಿನೈದು ವರ್ಷದಿಂದ ಇಲ್ಲಿರೋ ಕನ್ನಡಿಗರು ಆ ಕಾಲದ ಕಥೆ ಹೇಳೋದನ್ನ ಕೇಳಬೇಕು. ಬರ್ ದುಬೈನ ಉಡುಪಿ ಹೋಟೆಲ್ ಹಿಂಬಾಗಿಲಲ್ಲಿ ಪಾರ್ಸೆಲ್ ತಗೊಂಡು, ಕಾರಿನ ಸೀಟಿನಲ್ಲಿ ಕುಗ್ಗಿ ಕೂತು ಇಡ್ಲಿ ನುಂಗಿದ ಕಥೆಯನ್ನ ಅವರು ಯುದ್ಧ ಗೆದ್ದ ಹಾಗೆ ಹೇಳ್ತಾರೆ.

2021ರ ರಂಜಾನ್ ಹೊತ್ತಿಗೆ ದುಬೈನಲ್ಲಿ ಆ ಪರದೆ ನಿಯಮ ತೆಗೆದರು. ಪ್ರತ್ಯೇಕ ಪರವಾನಗಿಯೂ ಬೇಡ ಅಂದರು. ಹಾಗಾಗಿ ನಾನು ಬರುವಷ್ಟರಲ್ಲಿ ಹಗಲು ಹೋಟೆಲಿನಲ್ಲಿ ಕೂತು ದೋಸೆ ತಿನ್ನೋದು ದೊಡ್ಡ ವಿಷಯವಾಗಿರಲಿಲ್ಲ. ಆದರೂ ರಸ್ತೆಯಲ್ಲಿ ನಡೀತಾ ಸಮೋಸ ತಿನ್ನೋದನ್ನ ಯಾರೂ ಮಾಡಲ್ಲ. (ಅಂದ ಹಾಗೆ, ಮೆಟ್ರೋದಲ್ಲಿ ತಿಂದರೆ ಕುಡಿದರೆ ದಂಡ ಬೀಳೋದು ರಂಜಾನ್‌ಗೆ ಮಾತ್ರ ಅಲ್ಲ, ವರ್ಷವಿಡೀ. ನನ್ನ ಗೆಳೆಯನೊಬ್ಬ ಇದನ್ನೂ ರಂಜಾನ್ ಖಾತೆಗೇ ಬರೆದಿಟ್ಟಿದ್ದ.)

ನನ್ನ ಆಫೀಸಿನಲ್ಲಿ ಮೊದಲ ವಾರವೇ ಒಂದು ಮೇಲ್ ಬಂತು. ಮೇಜಿನ ಮೇಲೆ ತಿನ್ನಬೇಡಿ, ಪ್ಯಾಂಟ್ರಿಯಲ್ಲಿ ಬಾಗಿಲು ಹಾಕಿಕೊಂಡು ತಿನ್ನಿ, ಕಾರಿನಲ್ಲಿ ಜೋರಾಗಿ ಹಾಡು ಹಾಕಬೇಡಿ, ಬಟ್ಟೆಬರೆ ನೋಡಿಕೊಳ್ಳಿ ಇತ್ಯಾದಿ. ನಾನಂತೂ ಮಹಾ ಸಭ್ಯ. ಡಬ್ಬಿಯನ್ನ ಬ್ಯಾಗಿನಿಂದ ತೆಗೆಯುವಾಗಲೂ ಅತ್ತಿತ್ತ ನೋಡ್ತಿದ್ದೆ. ಒಗ್ಗರಣೆ ವಾಸನೆ ಬರುತ್ತೆ ಅಂತ ಚಿತ್ರಾನ್ನ ಬಿಟ್ಟು ಬರೀ ಮೊಸರನ್ನ ತಗೊಂಡು ಹೋಗ್ತಿದ್ದೆ. ನೀರು ಕುಡಿಯೋಕೂ ಪ್ಯಾಂಟ್ರಿಗೆ ಎದ್ದು ಹೋಗ್ತಿದ್ದೆ. ಮನಸ್ಸಿನಲ್ಲಿ ಒಂದು ಸಣ್ಣ ಹೆಮ್ಮೆ, ನೋಡಿ ನಾನು ಎಷ್ಟು ಗೌರವ ಕೊಡ್ತೀನಿ ಅಂತ.

ಆ ಹೆಮ್ಮೆಗೆ ಮೊದಲ ಪೆಟ್ಟು ಬಿದ್ದಿದ್ದು ಎರಡನೇ ವಾರ.

ನಮ್ಮ ಟೀಮಿನಲ್ಲಿ ಭಟ್ಕಳದವರು ಒಬ್ಬರಿದ್ದಾರೆ. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು, ಎಲ್ಲರಿಗೂ ಭಾಯ್. ಮನೆಯಲ್ಲಿ ನವಾಯತಿ, ಆಫೀಸಿನಲ್ಲಿ ಇಂಗ್ಲಿಷ್, ನನ್ನ ಜೊತೆ ಕರಾವಳಿ ಕನ್ನಡ. ಒಂದು ಪ್ರೊಡಕ್ಷನ್ ರಿಲೀಸ್‌ಗೆ ಸಮಯ ಗೊತ್ತು ಮಾಡೋ ಕೆಲಸ ನನಗೆ ಬಂತು. ಬೆಂಗಳೂರಿನ ಟೀಮಿಗೆ ರಾತ್ರಿ ಎಂಟಾದರೆ ಅನುಕೂಲ, ಗ್ರಾಹಕರ ಓಡಾಟ ಅಷ್ಟೊತ್ತಿಗೆ ಕಡಿಮೆ. ನಮ್ಮಲ್ಲಿ ಎಂಟು ಅಂದರೆ ಇಲ್ಲಿ ಆರೂವರೆ. ಹಾಕಿಬಿಟ್ಟೆ. ಮೀಟಿಂಗ್ ಕಳಿಸಿದೆ, ಎಲ್ಲರೂ ಒಪ್ಪಿದರು, ಭಾಯ್ ಕೂಡ.

ಏಪ್ರಿಲ್‌ನಲ್ಲಿ ಇಲ್ಲಿ ಸೂರ್ಯ ಮುಳುಗೋದು ಆರೂವರೆ ದಾಟಿ ಕೆಲವೇ ನಿಮಿಷಕ್ಕೆ. ಮುಂಜಾನೆ ಐದರ ಒಳಗೆ ಊಟ ಮುಗಿಸಿದವರು, ಹೆಚ್ಚುಕಡಿಮೆ ಹದಿನಾಲ್ಕು ಗಂಟೆ ಹನಿ ನೀರಿಲ್ಲದೆ ಇದ್ದು, ಆ ನಿಮಿಷಕ್ಕೆ ಕಾಯ್ತಿರ್ತಾರೆ. ನಾನು ಸರಿಯಾಗಿ ಅದೇ ನಿಮಿಷಕ್ಕೆ ರಿಲೀಸ್ ಇಟ್ಟಿದ್ದೆ. ರಿಲೀಸ್ ಕೆಟ್ಟಿತು, ಯಾವಾಗಲೂ ಕೆಡೋ ಹಾಗೆ :( ವಾಪಸ್ ಹಳೇ ಆವೃತ್ತಿಗೆ ತರೋಕೆ ಮುಕ್ಕಾಲು ಗಂಟೆ. ಕಾಲ್‌ನಲ್ಲಿ ಭಾಯ್ ಹಿಂದುಗಡೆ ಆಜಾನ್ ಕೇಳಿಸ್ತಿತ್ತು, ಮಕ್ಕಳು "ಅಬ್ಬಾ, ಬನ್ನಿ" ಅಂತ ಕರೀತಿದ್ದದ್ದು ಕೇಳಿಸ್ತಿತ್ತು. ಅವರು ಖರ್ಜೂರ ಬಾಯಲ್ಲಿಟ್ಟುಕೊಂಡೇ ಡೇಟಾಬೇಸ್ ಸರಿ ಮಾಡಿದರು.

ಮಾರನೇ ದಿನ ಸಾರಿ ಕೇಳಿದೆ. ಅವರು ನಕ್ಕು, "ಇರಲಿ ಮಾರಾಯಾ. ನಿನ್ನ ಕ್ಯಾಲೆಂಡರಿನಲ್ಲಿ ಮಗ್ರಿಬ್ ಇಲ್ಲ, ನೀನೆಂತ ಮಾಡ್ತೀಯಾ" ಅಂದರು. ಆಮೇಲೆ ಸ್ವಲ್ಪ ತಡೆದು, "ನೀನು ಡಬ್ಬಿ ಮುಚ್ಚಿಟ್ಟುಕೊಂಡು ಓಡಾಡ್ತೀಯಲ್ಲ, ಅದು ಬೇಡ. ನನ್ನ ಎದುರು ಕೂತೇ ಉಣ್ಣು. ನನಗೆ ಅದರಿಂದ ಏನೂ ಆಗುದಿಲ್ಲ. ಆರೂವರೆಗೆ ಮಾತ್ರ ನನ್ನನ್ನು ಬಿಟ್ಟುಬಿಡು" ಅಂದರು.

ನಾನು ತಿಂಗಳಿಡೀ ಅವರಿಗೆ ಬೇಡದ ಗೌರವ ಕೊಡ್ತಿದ್ದೆ, ಬೇಕಾದ ಒಂದನ್ನ ಮಾತ್ರ ಕೊಟ್ಟಿರಲಿಲ್ಲ.

ಇನ್ನು ಆ ಎರಡು ಗಂಟೆಯ ವಿಷಯ. ಇಲ್ಲಿನ ಕಾರ್ಮಿಕ ಕಾನೂನಿನ ಪ್ರಕಾರ ರಂಜಾನ್‌ನಲ್ಲಿ ದಿನಕ್ಕೆ ಎರಡು ಗಂಟೆ ಕೆಲಸ ಕಡಿಮೆ. ಉಪವಾಸ ಇರಲಿ ಬಿಡಲಿ, ಯಾವ ಧರ್ಮವಾದರೂ ಇರಲಿ, ಎಲ್ಲರಿಗೂ. ಇದು ಎಲ್ಲ ಕೊಲ್ಲಿ ದೇಶಗಳಲ್ಲೂ ಹೀಗಿಲ್ಲ. ಸೌದಿಯಲ್ಲಿ, ಒಮಾನ್‌ನಲ್ಲಿ ದಿನಕ್ಕೆ ಆರು ಗಂಟೆ ಅನ್ನೋ ಮಿತಿ ಕಾನೂನಿನಲ್ಲಿರೋದು ಮುಸ್ಲಿಂ ಕೆಲಸಗಾರರಿಗೆ. ಯುಎಇಯಲ್ಲಿ ನನ್ನಂಥ ಮೊಸರನ್ನದವನಿಗೂ ಪುಕ್ಕಟೆ ಎರಡು ಗಂಟೆ! ಒಂಬತ್ತರಿಂದ ಆರರ ಬದಲು ಒಂಬತ್ತರಿಂದ ನಾಲ್ಕು. ಐದಕ್ಕೆಲ್ಲ ರೂಮಿನಲ್ಲಿರ್ತಿದ್ದೆ.

ಆ ಎರಡು ಗಂಟೆ ನಾನೇನು ಮಾಡ್ತಿದ್ದೆ? ನಿದ್ದೆ. ಎದ್ದು ಫೋನ್ ಉಜ್ಜೋದು. ಹಸಿವಾದರೆ ಆಪ್‌ನಲ್ಲಿ ಆರ್ಡರ್.

2023ರ ರಂಜಾನ್. ಆ ವರ್ಷ ಶುರುವಾಗಿದ್ದು ಯುಗಾದಿಯ ಮರುದಿನ, ಮಾರ್ಚ್ 23. ಒಂದು ಸಂಜೆ ಮಲಗಿ ಎದ್ದು ಆರು ಗಂಟೆಗೆ ಬಿಸಿಬೇಳೆಬಾತ್ ಆರ್ಡರ್ ಮಾಡಿದೆ. ಆಪ್‌ನಲ್ಲಿ ಪುಟ್ಟ ಬೈಕ್ ಚಿತ್ರ ಮ್ಯಾಪ್ ಮೇಲೆ ತೆವಳ್ತಾ ಬರೋದನ್ನ ನೋಡ್ತಾ ಕೂತೆ. ಒಂದು ಸಿಗ್ನಲ್‌ನಲ್ಲಿ ತುಂಬಾ ಹೊತ್ತು ನಿಂತಾಗ "ಇವನೇನು ಮಾಡ್ತಿದಾನೆ" ಅಂತ ಬೈದುಕೊಂಡೆ ಕೂಡ. ಬೆಲ್ ಆಯಿತು. ಬಾಗಿಲು ತೆಗೆದೆ. ಅದೇ ಹೊತ್ತಿಗೆ ಎದುರಿನ ಮಸೀದಿಯಿಂದ ಆಜಾನ್.

ಹುಡುಗನಿಗೆ ನನ್ನದೇ ವಯಸ್ಸಿರಬಹುದು. ಪೇಶಾವರದ ಕಡೆಯವನಂತೆ. ಕೈಯಲ್ಲಿದ್ದ ಪೊಟ್ಟಣ ನನಗೆ ಕೊಟ್ಟ. ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಜೇಬಿಗೆ ಕೈ ಹಾಕಿ ಟಿಶ್ಯೂ ಕಾಗದದಲ್ಲಿ ಸುತ್ತಿದ್ದ ಒಂದು ಖರ್ಜೂರ ತೆಗೆದ. ಆಮೇಲೆ ಬಹಳ ಸಂಕೋಚದಿಂದ ಹಿಂದಿಯಲ್ಲಿ ಕೇಳಿದ, ಸ್ವಲ್ಪ ನೀರು ಸಿಗುತ್ತಾ ಸರ್ ಅಂತ.

ಒಳಗೆ ಓಡಿ ಬಾಟಲಿ ತಂದುಕೊಟ್ಟೆ. ಒಳಗೆ ಬನ್ನಿ, ಐದು ನಿಮಿಷ ಕೂತ್ಕೊಳ್ಳಿ ಅಂದೆ. ತಲೆ ಅಲ್ಲಾಡಿಸಿ ಬೇಡ ಅಂದ. ಲಿಫ್ಟ್ ಪಕ್ಕದ ಗೋಡೆಗೆ ಒರಗಿ, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ, ಖರ್ಜೂರ ಬಾಯಿಗಿಟ್ಟು, ಅರ್ಧ ಬಾಟಲಿ ನೀರು ಒಂದೇ ಗುಟುಕಿಗೆ ಅನ್ನೋ ಹಾಗೆ ಕುಡಿದ. ಅಷ್ಟರಲ್ಲಿ ಅವನ ಫೋನ್ ಪಿಂಗ್ ಅಂತು. ಮುಂದಿನ ಆರ್ಡರ್. ಶುಕ್ರಿಯಾ ಅಂದ, ಲಿಫ್ಟ್ ಹತ್ತಿದ, ಹೋದ. ಎಲ್ಲ ಸೇರಿ ಎರಡು ನಿಮಿಷ ಆಗಿರಲಿಕ್ಕಿಲ್ಲ.

ನಾನು ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಮನೆಯಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು, ಊರಿಂದ ಅಮ್ಮ ಕಳಿಸಿದ ಸಾರಿನ ಪುಡಿ ಇತ್ತು, ಕುಕ್ಕರ್ ಇತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅವನ ಉಪವಾಸದ ತಿಂಗಳ ಹೆಸರಿನಲ್ಲಿ ನನಗೆ ಸಿಕ್ಕಿದ ಎರಡು ಗಂಟೆ ಇತ್ತು. ಉಪವಾಸ ಇದ್ದವನು ರಸ್ತೆಯಲ್ಲಿ, ಉಪವಾಸ ಇಲ್ಲದವನು ಹಾಸಿಗೆಯಲ್ಲಿ. ನನಗೆ ಕಡಿಮೆಯಾದ ಎರಡು ಗಂಟೆ ಎಲ್ಲಿಗೆ ಹೋಯಿತು ಅನ್ನೋದು ಅವತ್ತು ನನಗೆ ಗೊತ್ತಾಯಿತು.

ಇದಾದ ಮೇಲೆ ಕಣ್ಣಿಗೆ ಬೀಳೋಕೆ ಶುರುವಾಯಿತು. ಆಫೀಸಿನ ಪ್ಯಾಂಟ್ರಿಯಲ್ಲಿ ಒಬ್ಬರು ಬಾಂಗ್ಲಾದೇಶದವರಿದ್ದಾರೆ. ನಲವತ್ತು ದಾಟಿದ ಮನುಷ್ಯ, ಆದರೂ ಎಲ್ಲರ ಬಾಯಲ್ಲಿ ಆಫೀಸ್ ಬಾಯ್. ನಾವು ಯಾರ ಕಣ್ಣಿಗೂ ಬೀಳದ ಹಾಗೆ ಬಾಗಿಲು ಹಾಕಿಕೊಂಡು ತಿನ್ನೋ ಅದೇ ಪ್ಯಾಂಟ್ರಿ ಅವರ ಕೆಲಸದ ಜಾಗ! ನಮ್ಮ ಅರಬ್ ಮ್ಯಾನೇಜರ್ ಕಣ್ಣಿಗೆ ಬೀಳಬಾರದು ಅಂತ ನಾವು ಡಬ್ಬಿ ತಗೊಂಡು ಹೋಗಿ ಬಿಚ್ಚುತ್ತಿದ್ದದ್ದು, ಉಪವಾಸ ಇದ್ದ ಈ ಮನುಷ್ಯನ ಮೂಗಿನ ಕೆಳಗೆ. ತಿಂದ ಮೇಲೆ ಕಾಫಿ ಬೇರೆ ಕೇಳ್ತಿದ್ದೆವು. ಅವರು ಮಾಡಿ ಕೊಡ್ತಿದ್ದರು. ಸಕ್ಕರೆ ಸರಿಯಿದೆಯಾ ಅಂತ ರುಚಿ ನೋಡೋ ಹಾಗೂ ಇಲ್ಲ ಪಾಪ.

ಅಂದರೆ ನಮ್ಮ ಮರ್ಯಾದೆಯೆಲ್ಲ ಮೇಲಿನವರಿಗೆ. ಯಾರಿಗೆ ನಮ್ಮ ವೀಸಾ, ಅಪ್ರೈಸಲ್ ಮುಟ್ಟೋಕೆ ಆಗುತ್ತೋ ಅವರ ಎದುರು ನಾವು ನೀರೂ ಕುಡಿಯಲ್ಲ. ಯಾರಿಗೆ ಏನೂ ಮಾಡೋಕೆ ಆಗಲ್ವೋ ಅವರ ಕೈಯಿಂದಲೇ ಕಾಫಿ ತರಿಸಿಕೊಳ್ತೀವಿ. ಇದಕ್ಕೆ ಗೌರವ ಅಂತ ಹೆಸರಿಡೋದು ತಪ್ಪು. ಇದು ಹೆದರಿಕೆ, ಅಷ್ಟೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು. ತಿನ್ನೋದನ್ನ ತಡೆಯೋ ಕಾನೂನು ಬೇಕಿಲ್ಲ. ಇದನ್ನ ಸ್ಪಷ್ಟವಾಗಿ ಹೇಳ್ತೀನಿ, ಯಾಕಂದ್ರೆ ನನ್ನ ಗೆಳೆಯರಲ್ಲಿ "ಅವರ ಉಪವಾಸಕ್ಕೆ ನಾನ್ಯಾಕೆ ಬಾಯಿ ಕಟ್ಟಬೇಕು" ಅಂತ ಕೇಳೋರಿದ್ದಾರೆ, ಅವರ ಪ್ರಶ್ನೆಯಲ್ಲಿ ನ್ಯಾಯ ಇದೆ. ಸಕ್ಕರೆ ಕಾಯಿಲೆಯವರು, ಬಸುರಿಯರು, ಬಿಸಿಲಲ್ಲಿ ಕೆಲಸ ಮಾಡೋರು ಒಂದು ಗುಟುಕು ನೀರಿಗೆ ಹೆದರಬೇಕಾಗಿ ಬರೋದು ಯಾವ ದೇವರಿಗೂ ಪ್ರೀತಿಯಲ್ಲ. ಅಂಥವರಿಗೆ ಅವರ ಧರ್ಮವೇ ಉಪವಾಸದಿಂದ ವಿನಾಯಿತಿ ಕೊಟ್ಟಿದೆ. ಜೈಲಿಗೆ ಹೆದರಿ ಮುಚ್ಚಿದ ಬಾಯಿಂದ ಪಕ್ಕದವನ ಉಪವಾಸಕ್ಕೆ ಪುಣ್ಯವೇನೂ ಹೆಚ್ಚಾಗಲ್ಲ. ದುಬೈ ಪರದೆ ತೆಗೆಸಿದ್ದು ಒಳ್ಳೇದೇ ಆಯಿತು. ಕುವೈತ್‌ನ ಕಾನೂನೂ ಒಂದಲ್ಲ ಒಂದು ದಿನ ಹೋಗಲಿ.

ಆದರೆ ಪರದೆ ಹೋದ ಮೇಲೆ ಗೆದ್ದೆವು ಅಂತ ಕೂತರೆ ಆಗಲ್ಲ. ಪರದೆ ಇದ್ದಾಗ ನಮ್ಮ ಲೆಕ್ಕ ಸುಲಭ ಇತ್ತು. ಕಾಣದ ಹಾಗೆ ತಿಂದರೆ ಮುಗೀತು. ಈಗ ನಾವೇ ಯೋಚನೆ ಮಾಡಬೇಕು. ಊಟ ಎಲ್ಲಿ ಮಾಡ್ತೀವಿ ಅನ್ನೋದಕ್ಕಿಂತ, ಅದನ್ನ ಯಾರು ಮಾಡಿ, ಯಾರು ಹೊತ್ತು ತರ್ತಾರೆ, ಎಷ್ಟು ಹೊತ್ತಿಗೆ ತರ್ತಾರೆ ಅನ್ನೋದು ಮುಖ್ಯ.

ಹಾಗಂತ ಆರ್ಡರ್ ಮಾಡೋದೇ ಬಿಡಿ ಅಂತ ನಾನು ಹೇಳ್ತಿಲ್ಲ. ಆ ಹುಡುಗನ ಕಥೆ ಕೇಳಿಸಿಕೊಂಡು ನಾನು "ಇನ್ನು ಮೇಲೆ ರಂಜಾನ್‌ನಲ್ಲಿ ಒಂದೂ ಆರ್ಡರ್ ಮಾಡಲ್ಲ" ಅಂತ ಭೀಷ್ಮ ಪ್ರತಿಜ್ಞೆ ಮಾಡಿದಾಗ ಭಾಯ್ ಬೈದರು. "ಅವನಿಗೆ ಆರ್ಡರ್ ಲೆಕ್ಕದಲ್ಲಿ ದುಡ್ಡು. ನೀನು ನಿಲ್ಲಿಸಿದರೆ ಅವನ ಮನೆಗೆ ಹೋಗುವ ದುಡ್ಡು ನಿಲ್ಲುತ್ತದೆ. ನಿನ್ನ ಮನಸ್ಸು ಹಗುರ ಆಯಿತು, ಅವನ ಜೇಬೂ ಹಗುರ ಆಯಿತು" ಅಂದರು. ಸರಿಯಾದ ಮಾತು. ಅರ್ಧ ಗಂಟೆ ಮುಂಚೆ ಅಥವಾ ಅರ್ಧ ಗಂಟೆ ತಡವಾಗಿ ಆರ್ಡರ್ ಮಾಡಿದರೆ ನನಗೆ ನಷ್ಟವೇನು? ಏನೂ ಇಲ್ಲ. ಅವನಿಗೆ ಒಂದು ಕಡೆ ಕೂತು ಖರ್ಜೂರ ತಿನ್ನೋ ಹತ್ತು ನಿಮಿಷ ಸಿಗುತ್ತೆ. ನಾನು ಒಬ್ಬನೇ ಮಾಡಿದರೆ ಸಿಗಲ್ಲ, ಗೊತ್ತು. ಕಂಪನಿಗಳೇ ಆ ಇಪ್ಪತ್ತು ನಿಮಿಷ ಆಪ್ ನಿಲ್ಲಿಸಿದರೆ ಇನ್ನೂ ಒಳ್ಳೇದು. ನಾನೇ ಸಾಫ್ಟ್‌ವೇರ್ ಬರೆಯೋನು. ಸೂರ್ಯಾಸ್ತದ ಸಮಯ ನೋಡಿ ಒಂದು ಬಟನ್ ಇಪ್ಪತ್ತು ನಿಮಿಷ ಬೂದು ಬಣ್ಣಕ್ಕೆ ತಿರುಗೋ ಹಾಗೆ ಮಾಡೋದು ಎಷ್ಟು ಸಾಲಿನ ಕೋಡ್ ಅಂತ ನನಗೂ ಗೊತ್ತು, ನಿಮಗೂ ಗೊತ್ತು :)

ಇಷ್ಟೆಲ್ಲ ದೂರು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತೆ.

2024ರಲ್ಲಿ ಒಂದು ಸಂಜೆ ಭಾಯ್ ನನ್ನನ್ನ ದೇರಾದ ಒಂದು ಮಸೀದಿ ಪಕ್ಕದ ಟೆಂಟಿಗೆ ಕರಕೊಂಡು ಹೋದರು. ಇಂಥ ಇಫ್ತಾರ್ ಟೆಂಟುಗಳು ಊರ ತುಂಬಾ. ನೆಲದ ಮೇಲೆ ಉದ್ದಕ್ಕೆ ಪ್ಲಾಸ್ಟಿಕ್ ಹಾಳೆ, ಎರಡೂ ಕಡೆ ಸಾಲು, ನಮ್ಮ ಮಠದ ಪಂಕ್ತಿ ಊಟವೇ. ಪ್ರತಿಯೊಬ್ಬರ ಮುಂದೆ ಖರ್ಜೂರ, ನೀರು, ಲಬನ್ (ಮಜ್ಜಿಗೆಯ ದೊಡ್ಡಣ್ಣ), ಒಂದು ಹಣ್ಣು, ಬಿರಿಯಾನಿ. ಕೆಲವು ಕಡೆ ಹರೀಸ್ ಕೊಡ್ತಾರೆ, ಗೋಧಿ ಮತ್ತು ಮಾಂಸವನ್ನ ಗಂಟೆಗಟ್ಟಲೆ ಬೇಯಿಸಿ ಅರೆದಿರೋದು. ಹೆಸರು ಕೇಳೋರಿಲ್ಲ, ಧರ್ಮ ಕೇಳೋರಿಲ್ಲ, ಜಾಗ ಇದ್ದರೆ ಕೂರೋದು. ನಾನು ಸಸ್ಯಾಹಾರಿ ಅಂತ ಬಿರಿಯಾನಿಯನ್ನ ಪಕ್ಕದವರಿಗೆ ಸರಿಸಿದೆ. ಅವರು ಬೇಡ ಅನ್ನದೆ ತಗೊಂಡು ಯಾವೂರು ಅಂತ ಹಿಂದಿಯಲ್ಲಿ ಕೇಳಿದರು. ಅವರು ತೆಲಂಗಾಣದ ಕರೀಂನಗರದವರು. ಹಣೆ ಮೇಲೆ ಬೆಳಗಿನ ಕುಂಕುಮ ಬೆವರಿಗೆ ಅರ್ಧ ಅಳಿಸಿತ್ತು! ಕಟ್ಟಡದ ಕೆಲಸ. ನನ್ನ ಹರುಕುಮುರುಕು ತೆಲುಗಿನಲ್ಲಿ ಮಾತಾಡಿಸಿದೆ. ಮೂವತ್ತು ದಿನವೂ ಬರ್ತೀನಿ ಅಂದರು. ದಿನಕ್ಕೊಂದು ಊಟ ಉಳಿಯುತ್ತೆ, ಮೂವತ್ತು ಊಟದ ದುಡ್ಡು ಮಗಳ ಸ್ಕೂಲಿಗಾಗುತ್ತೆ ಅಂದರು.

ಸೂರ್ಯ ಮುಳುಗೋ ಹೊತ್ತಿಗೆ ದುಬೈ ಪೊಲೀಸರು ಇವತ್ತಿಗೂ ತೋಪು ಹಾರಿಸ್ತಾರೆ. 1960ರ ದಶಕದಿಂದ ನಡೆದು ಬಂದ ಪದ್ಧತಿಯಂತೆ. ನಾವಿದ್ದ ಕಡೆ ತೋಪಿನ ಸದ್ದು ಕೇಳಿಸಲಿಲ್ಲ, ಆಜಾನ್ ಕೇಳಿಸಿತು. ನೂರಾರು ಜನ ಒಂದೇ ಸಲ ಕೈ ನೀಡಿದರು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಉಪವಾಸ ಮಾಡಿದವರು, ಮಾಡದವರು, ಯಾರು ಯಾರು ಅಂತ ಆ ಒಂದು ನಿಮಿಷ ಗೊತ್ತಾಗೋ ಹಾಗಿರಲಿಲ್ಲ. ಸಿಗ್ನಲ್‌ಗಳಲ್ಲಿ ಸ್ವಯಂಸೇವಕರು ಕಾರು ಬೈಕುಗಳಿಗೆ ಖರ್ಜೂರ ನೀರಿನ ಪೊಟ್ಟಣ ಕೊಡ್ತಾರೆ, ಅದೂ ಹೀಗೇ, ಮುಖ ನೋಡದೆ. ನಾನು ಬಾಗಿಲಲ್ಲಿ ನಿಲ್ಲಿಸಿದ್ದವನಿಗೆ ಈ ಊರು ರಸ್ತೆಯಲ್ಲಿ ಅಷ್ಟಾದರೂ ಕೊಡ್ತಿದೆ.

ಇದನ್ನೆಲ್ಲ ಯೋಚಿಸುವಾಗ ನನಗೆ ಮತ್ತೆ ಮತ್ತೆ ನೆನಪಾಗೋದು ನಮ್ಮ ಮನೆಯ ಸಂಕಷ್ಟಿ. ಅಮ್ಮ ಪ್ರತಿ ತಿಂಗಳೂ ಮಾಡೋಳು. ಬೆಳಗಿಂದ ಏನೂ ತಿನ್ನದೆ ರಾತ್ರಿ ಚಂದ್ರ ಕಂಡ ಮೇಲೆ ಊಟ. ಗೋಡೆ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಸಮಯ ನೋಡಿಕೊಂಡು, ಎಂಟೂವರೆ ಒಂಬತ್ತಕ್ಕೆ ನನ್ನನ್ನ ಮಹಡಿಗೆ ಅಟ್ಟೋಳು, "ಬಂದನೇನೋ ನೋಡು" ಅಂತ. ಮಳೆಗಾಲದಲ್ಲಿ ಮೋಡ ಇದ್ದರೆ ಅವಳ ಊಟ ಇನ್ನೂ ತಡ. ಆ ದಿನವೂ ನಮಗೆ ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಸಾರು ಪಲ್ಯ, ಸಂಜೆ ಸ್ಕೂಲಿಂದ ಬಂದ ಕೂಡಲೇ ಏನಾದರೂ ಕುರುಕಲು, ಎಲ್ಲ ಹೊತ್ತಿಗೆ ಸರಿಯಾಗಿ. ಉಪ್ಪು ಕಡಿಮೆ ಅಂತ ನಾನು ಮುಖ ಸಿಂಡರಿಸಿದ ದಿನಗಳೂ ಇವೆ. ಉಪವಾಸ ಇದ್ದವಳು ರುಚಿ ನೋಡದೆ ಉಪ್ಪು ಹಾಕಿದ್ದಾಳೆ ಅನ್ನೋದು ಆಗ ಹೊಳೆದಿರಲೇ ಇಲ್ಲ.

ನಮ್ಮ ಮನೆಯಲ್ಲಿ ಪರದೆ ಇರಲಿಲ್ಲ, ಕಾನೂನು ಇರಲಿಲ್ಲ. ಅವಳ ಎದುರೇ ತಿಂತಿದ್ದೆವು. ಅದಕ್ಕೆ ಅವಳ ತಕರಾರೂ ಇರಲಿಲ್ಲ. ಆದರೆ ಪ್ಯಾಂಟ್ರಿಯ ಆ ಮನುಷ್ಯ ಸಕ್ಕರೆ ಅಂದಾಜಿಗೆ ಹಾಕಿ ಕಾಫಿ ಕೊಡೋದನ್ನ ನೋಡಿದಾಗ, ಇದನ್ನ ನಾನು ಇಪ್ಪತ್ತು ವರ್ಷ ನೋಡಿದ್ದೀನಿ, ಒಂದು ದಿನವೂ ಕಂಡಿಲ್ಲ ಅನ್ನಿಸಿತು.

2025ರಲ್ಲಿ ಒಂದು ಚಂದದ ಸಂಗತಿ ನಡೀತು. ಆ ವರ್ಷ ಯುಗಾದಿ ಮಾರ್ಚ್ 30, ಭಾನುವಾರ. ಇಲ್ಲಿ ಈದ್ ಕೂಡ ಅದೇ ದಿನ! ನಾನು ಬಂದ ವರ್ಷ ಯುಗಾದಿಗೆ ಉಪವಾಸ ಶುರುವಾಗಿತ್ತು, ಮೂರು ವರ್ಷಕ್ಕೆ ಯುಗಾದಿಗೆ ಉಪವಾಸ ಮುಗೀತು. ಇದರ ಲೆಕ್ಕ ಸರಳ. ಅವರದ್ದೂ ಚಂದ್ರನ ತಿಂಗಳೇ, ನಮ್ಮದೂ ಚಂದ್ರನ ತಿಂಗಳೇ. ಚಾಂದ್ರಮಾನ ವರ್ಷ ಸುಮಾರು 354 ದಿನ. ಸೂರ್ಯನಿಗಿಂತ ಹಿಂದೆ ಬಿದ್ದಾಗ ನಾವು ಒಂದು ಅಧಿಕ ಮಾಸ ಸೇರಿಸಿ ಸರಿ ಮಾಡಿಕೊಳ್ತೀವಿ. 2023ರಲ್ಲಿ ಅಧಿಕ ಶ್ರಾವಣ ಬಂತಲ್ಲ, ಅದೇ. ಅವರು ಸೇರಿಸಲ್ಲ. ಹಾಗಾಗಿ ರಂಜಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಜರುಗುತ್ತಾ ಎಲ್ಲ ಋತುಗಳನ್ನೂ ಸುತ್ತಿ ಬರುತ್ತೆ. 2016ರಲ್ಲಿ ಜೂನ್ ಬೇಸಿಗೆಯಲ್ಲಿತ್ತು. 2030ರಲ್ಲಿ ಜನವರಿಯಲ್ಲೊಂದು, ಡಿಸೆಂಬರ್‌ನಲ್ಲೊಂದು, ವರ್ಷಕ್ಕೆ ಎರಡು ಸಲ ರಂಜಾನ್ ಶುರು. ಮುಂದೆ ಮತ್ತೆ ಸುಡುಬೇಸಿಗೆಗೆ ಬರುತ್ತೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ನಿಯಮ ಮಾಡಿರೋ ಅಂಥಾ ಬಿಸಿಲು. ಆಗ ನಮ್ಮ ಬಾಗಿಲಿಗೆ ಊಟ ತರೋನ ಸ್ಥಿತಿ ಏನಾಗಿರುತ್ತೆ ಅಂತ ಈಗಲೇ ಯೋಚನೆ ಮಾಡೋದು ಒಳ್ಳೇದು.

ಆ ಭಾನುವಾರ ಬರ್ ದುಬೈನ ಅಂಗಡಿಯಲ್ಲಿ ಒಂದು ಕಟ್ಟು ಬೇವಿನ ಸೊಪ್ಪು, ಹೋಟೆಲಿನಿಂದ ಆರು ಒಬ್ಬಟ್ಟು ತಗೊಂಡು ಭಾಯ್ ಮನೆಗೆ ಹೋದೆ. ಅವರ ಮನೆಯಲ್ಲಿ ಶಾವಿಗೆ ಖುರ್ಮಾ. ಅವರ ಮಗಳು ಬೇವು ಬೆಲ್ಲ ತಿಂದು ಮುಖ ಹುಳಿ ಮಾಡಿದ್ದು ನೋಡಿ ಎಲ್ಲ ನಕ್ಕೆವು. ಆ ವರ್ಷದ ನಮ್ಮ ಟೀಮಿನ ರಿಲೀಸ್ ಯಾವುದೂ ಸಂಜೆ ಐದರಿಂದ ಎಂಟರೊಳಗೆ ಇರಲಿಲ್ಲ. ಬೆಂಗಳೂರಿನವರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು. ಕಷ್ಟವೇನೂ ಆಗಲಿಲ್ಲ. ಯಾರಾದರೂ ಒಬ್ಬರು ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆದಿದ್ದರೆ ಮೊದಲ ವರ್ಷವೇ ಆಗ್ತಿತ್ತು.

ಈಗ ನಾನು ರಂಜಾನ್‌ನಲ್ಲಿ ಸಂಜೆ ಐದಕ್ಕೆ ನನ್ನ ಅನ್ನ ನಾನೇ ಇಡ್ತೀನಿ. ಪ್ಯಾಂಟ್ರಿಯಲ್ಲಿ ನನ್ನ ಕಾಫಿ ನಾನೇ ಮಾಡಿಕೊಳ್ತೀನಿ. ಮೊದಲ ದಿನ ಆ ಮನುಷ್ಯ ತನ್ನ ಕೆಲಸಕ್ಕೆ ಕುತ್ತು ಬಂತೇನೋ ಅಂತ ಗಾಬರಿಯಾಗಿದ್ದರು, ಆಮೇಲೆ ಅರ್ಥ ಮಾಡಿಕೊಂಡರು. ಬಾಗಿಲ ಪಕ್ಕದ ಶೆಲ್ಫಿನಲ್ಲಿ ಸಣ್ಣ ನೀರಿನ ಬಾಟಲಿಗಳು, ಒಂದು ಡಬ್ಬಿ ಖರ್ಜೂರ ಇರುತ್ತೆ, ಯಾರು ಬಂದರೂ ಕೊಡೋಕೆ. ಇದೆಲ್ಲ ಮಹಾ ಸಾಧನೆ ಅಂತ ಹೇಳ್ತಿಲ್ಲ. ಸಿಕ್ಕಿದ ಎರಡು ಗಂಟೆಯಲ್ಲಿ ಇಷ್ಟಾದರೂ ವಾಪಸ್ ಹೋಗಲಿ ಅಂತ.

ಆ ಯುಗಾದಿ ರಾತ್ರಿ ಅಮ್ಮನಿಗೆ ಫೋನ್ ಮಾಡಿದಾಗ ಕೇಳಿಬಿಟ್ಟೆ. "ಅಮ್ಮಾ, ಸಂಕಷ್ಟಿ ದಿನ ನಮಗೆಲ್ಲ ಅಡುಗೆ ಮಾಡ್ತಿದ್ಯಲ್ಲ, ನಿಂಗೆ ಹಸಿವಾಗ್ತಿರಲಿಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ಆಗ್ತಿತ್ತು ಕಣೋ. ನೀವ್ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಮಸ್ಕತ್, ದೋಹಾ, ರಿಯಾದ್, ಕುವೈತ್ ಕಡೆ ಇರೋ ಕನ್ನಡದ ಗೆಳೆಯರು ನಿಮ್ಮ ಆಫೀಸಲ್ಲಿ, ನಿಮ್ಮ ಬಿಲ್ಡಿಂಗಲ್ಲಿ ಹೇಗೆ ಅಂತ ಬರೆದು ತಿಳಿಸಿ. ಊರಲ್ಲಿರೋರು ಮುಂದಿನ ಸಂಕಷ್ಟಿಗೆ ಅಡುಗೆಮನೆ ಕಡೆ ಒಂದು ಸಲ ಹೋಗಿ ಬನ್ನಿ.